ವಿಜಯಾ ಗಂಡನ ಹೆಸರು ಹಿಡಿದು ಕೂಗಿದ್ದು

ವಿಜಯಾ ತನ್ನ ಗಂಡನ ಹೆಸರನ್ನು ಈವರೆಗೆ ಎರಡೇ ಸಲ ಬಾಯಿಬಿಟ್ಟು ಹೇಳಿದ್ದಾಳೆ. ಮೊದಲನೆಯದು ಮದುವೆಯಾಗಿ ಗಂಡನ ಮನೆಗೆ ಕಾಲಿಟ್ಟಾಗ, ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು, "ಹೆಸರು ಹೇಳಿದ್ರೇ ಒಳಗೆ ಬಿಡೋದು" ಎಂದು ಹಟ ಹಿಡಿದಾಗ. ಆಗ ಅವಳು ಹೇಳಿದ್ದು ಪಕ್ಕದಲ್ಲಿ ನಿಂತಿದ್ದ ಗಂಡನಿಗೂ ಕೇಳಿಸಲಿಲ್ಲವಂತೆ. ಎರಡನೆಯದು ೧೯೯೮ರ ಜೂನ್ ತಿಂಗಳಲ್ಲಿ, ಹಾಲೆಂಡಿನ ಲೆಕ್ ನದಿಯ ದಂಡೆಯಲ್ಲಿ. ಆ ಸಂಗತಿಯನ್ನು ಅವಳ ಬಾಯಿಂದಲೇ ಕೇಳಿದ್ದೇನೆ. ಒಂಬತ್ತನೆಯ ತರಗತಿಯಲ್ಲಿ ಅವಳಿಗೆ ಪಾಠ ಹೇಳಿದ ಸಲಿಗೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ತಿಪಟೂರಿನ ನಮ್ಮ ಶಾಲೆಯಲ್ಲಿ ಅವಳದು ಕಿಟಕಿಯ ಪಕ್ಕದ ಎರಡನೆಯ ಬೆಂಚು. ಪದ್ಯ ಓದಲು ನಿಲ್ಲಿಸಿದರೆ ಉಚ್ಚಾರಣೆ ಸ್ಪಷ್ಟ, ಅರ್ಥ ಸರಿ. ಧ್ವನಿ ಮಾತ್ರ ಮೊದಲ ಬೆಂಚನ್ನು ದಾಟುತ್ತಿರಲಿಲ್ಲ. "ಕೊನೆಯ ಬೆಂಚಿನವರಿಗೂ ಕಿವಿ ಇದೆಯಮ್ಮ, ಅವರಿಗೂ ಸ್ವಲ್ಪ ಕೇಳಿಸು" ಎಂದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದಳು.

ಗಂಡನ ಹೆಸರು ಹೇಳಿದರೆ ಹೇಳಿದಷ್ಟು ಸಲವೂ ಅವನ ಆಯುಸ್ಸು ಸವೆಯುತ್ತದೆ ಎಂದು ಅವಳಿಗೆ ಕಲಿಸಿದವರು ಅವಳ ಅಜ್ಜಿ. "ಬಿ.ಎಸ್‌ಸಿ. ಓದಿದವಳು, ಇದನ್ನೆಲ್ಲ ನಂಬುತ್ತೀಯಾ?" ಎಂದು ಒಮ್ಮೆ ಕೇಳಿದ್ದೆ. "ನಂಬೋದಿಲ್ಲ ಮೇಷ್ಟ್ರೇ. ಆದ್ರೆ ಪರೀಕ್ಷೆ ಮಾಡಿ ನೋಡೋ ವಿಷಯವೇ ಅದು?" ಎಂದಿದ್ದಳು. ಮುಂದೆ ಹಾಲೆಂಡಿಗೆ ಹೋದಾಗ, ಅಲ್ಲಿನ ಹಾರ್ಲೆಮ್ ನಗರಸಭೆಯ ಕಚೇರಿಯಲ್ಲಿ ಗುಮಾಸ್ತೆ ಗಂಡನ ಹೆಸರು ಕೇಳಿದಾಗಲೂ ಪಾಸ್‌ಪೋರ್ಟನ್ನು ಮುಂದೆ ತಳ್ಳಿದಳಂತೆ.

ಆಕೆಯ ಗಂಡ ವಾಮನರಾಯರು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಹಳೆಯ ಕಾಲದ ದೊಡ್ಡ ಕಂಪ್ಯೂಟರುಗಳ ಕೆಲಸ ಮಾಡಿದವರು. ಎರಡು ಸಾವಿರದ ಇಸವಿ ಬಂದೊಡನೆ ಆ ಯಂತ್ರಗಳು ತಾರೀಖು ತಪ್ಪುತ್ತವೆ ಎಂಬ ಭಯ ಲೋಕಕ್ಕೆಲ್ಲ ಹತ್ತಿತಲ್ಲ, ಆಗ ಹಳೆಯ ವಿದ್ಯೆ ಬಲ್ಲವರಿಗೆ ಹಠಾತ್ತನೆ ಬೇಡಿಕೆ ಬಂತು. ಹಾಗೆ ಐವತ್ತೊಂದನೆಯ ವಯಸ್ಸಿನಲ್ಲಿ ರಾಯರು ಆಮ್‌ಸ್ಟರ್‌ಡಾಮಿನ ಕಚೇರಿಯೊಂದಕ್ಕೆ ಹೋದರು. ಮನೆ ಹಾರ್ಲೆಮ್‌ನಲ್ಲಿ, ದಿನವೂ ರೈಲಿನಲ್ಲಿ ಓಡಾಟ. ಮಕ್ಕಳಿಲ್ಲದ ದಂಪತಿಗಳು. ಅಲ್ಲಿ ಕಳೆದ ಮೊದಲ ಚಳಿಗಾಲದಲ್ಲೇ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ರಾಯರಿಗೆ ಎದೆನೋವು ಕಾಣಿಸಿಕೊಂಡಿತು.

ಡಾಕ್ಟರು ಪರೀಕ್ಷೆ ಮಾಡಿಸಿ ಎರಡು ಮಾತು ಹೇಳಿದರು. ನಿಧಾನವಾಗಿ ದಿನವೂ ಸೈಕಲ್ ತುಳಿಯಬೇಕು. ನೋವು ಬಂದರೆ ತಕ್ಷಣ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಣ್ಣ ಮಾತ್ರೆ ಸದಾ ಜೇಬಿನಲ್ಲಿರಬೇಕು.

ಗಂಡನನ್ನು ಒಬ್ಬನೇ ಬಿಡಲಾರದೆ ವಿಜಯಾ ನಲವತ್ತೇಳನೆಯ ವಯಸ್ಸಿನಲ್ಲಿ ಸೈಕಲ್ ಕಲಿತಳು. ಹಿಂದಕ್ಕೆ ತುಳಿದರೆ ನಿಲ್ಲುವ ಆ ದೇಶದ ಸೈಕಲ್ಲಿನಿಂದ ಎಷ್ಟು ಸಲ ಬಿದ್ದಳೋ ಲೆಕ್ಕವಿಲ್ಲ. ಮೇ ತಿಂಗಳ ಹೊತ್ತಿಗೆ ಇಬ್ಬರೂ ಸಮುದ್ರದವರೆಗೆ ಹೋಗಿ ಬರುವಷ್ಟು ಪಳಗಿದ್ದರು. ಅವರು ಮುಂದೆ, ಇವಳು ಹಿಂದೆ.

ದೂರದ ಸೈಕಲ್ ಪ್ರವಾಸದ ಆಸೆ ಹುಟ್ಟಿಸಿದವನು ಆಲ್ಮೆರೆ ಎಂಬ ಊರಿನಲ್ಲಿದ್ದ ಕೇಶವ, ರಾಯರ ಕಚೇರಿಯ ಹುಡುಗ, ಮೈಸೂರಿನವನು. ಒಂದು ಭಾನುವಾರ ಊಟಕ್ಕೆ ಬಂದಾಗ ಬಣ್ಣದ ಹಾಳೆಯೊಂದನ್ನು ಬಿಡಿಸಿಟ್ಟ.

"ಸಾರ್, ಹಾರ್ಲೆಮ್‌ನಿಂದ ಬೆಲ್ಜಿಯಮ್ಮಿನ ಬ್ರೂಜ್‌ವರೆಗೆ, ಏಳು ದಿನ. ಎರಡೂ ಸಖತ್ ಹಳೇ ಊರು. ಗೈಡ್ ಇಲ್ಲ, ಗುಂಪಿಲ್ಲ. ರೂಟ್ ಪೇಪರ್ ಕೊಡ್ತಾರೆ, ನೋಡ್ಕೊಂಡು ನೀವೇ ಹೋಗೋದು. ಲಗೇಜ್ ಅವರ ವ್ಯಾನಲ್ಲಿ ಮುಂದಿನ ಹೋಟೆಲ್‌ಗೆ ಹೋಗಿರತ್ತೆ."

"ದಾರಿ ತಪ್ಪಿದ್ರೆ?" ಎಂದಳು ವಿಜಯಾ.

"ತಪ್ಪೋದೇ ಮಜಾ ಆಂಟಿ!"

"ನಿಂಗೆ ಇಪ್ಪತ್ತಾರು ಕೇಶವ. ಮಜಾ ಇರತ್ತೆ."

ರಾಯರು ನಕ್ಕು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ನಿಲ್ದಾಣದ ಮೆಟ್ಟಿಲ ಮೇಲೆ ಕುಸಿದಂದಿನಿಂದ ತಮ್ಮನ್ನು ರೋಗಿಯೆಂದು ನೋಡುತ್ತಿದ್ದ ಹೆಂಡತಿಯ ಕಣ್ಣು ಅವರಿಗೆ ಬೇಡವಾಗಿತ್ತು. ಅದು ಅವಳಿಗೂ ಗೊತ್ತಿತ್ತು. ಆದ್ದರಿಂದ ಬೇಡವೆನ್ನಲು ಬಾಯಿ ಬರಲಿಲ್ಲ.

ಮೊದಲ ಎರಡು ದಿನ ಸುಖವಾಗಿಯೇ ಕಳೆದವು. ಎರಡನೆಯ ಸಂಜೆ ಗೌಡಾ ಎಂಬ ಊರಿನಲ್ಲಿ ತಂಗಿದರು. ಒಮ್ಮೆ ಉಟ್ಟದ್ದನ್ನು ಒಗೆಯದೆ ಮತ್ತೆ ಉಡದ ಮನೆತನದಿಂದ ಬಂದ ವಿಜಯಾ, ಹೋಟೆಲಿನ ಮುಖ ತೊಳೆಯುವ ತೊಟ್ಟಿಯಲ್ಲೇ ಗಂಡನ ಅಂಗಿ ಒಗೆದಳು. ಒಗೆಯುವ ಮುನ್ನ ಜೇಬಿನಿಂದ ಮಾತ್ರೆಯ ಪಟ್ಟಿಯನ್ನು ತೆಗೆದು ತನ್ನ ಸೈಕಲ್ ಚೀಲಕ್ಕೆ ಹಾಕಿಕೊಂಡಳು. ಬೆಳಿಗ್ಗೆ ರಾಯರು ಬೇರೆ ಅಂಗಿ ತೊಟ್ಟರು. ಒಣಗದ ಅಂಗಿಯನ್ನು ಕ್ಯಾರಿಯರಿಗೆ ಕಟ್ಟಿ ಇಬ್ಬರೂ ಹೊರಟರು. ಮಾತ್ರೆ ಚೀಲದಲ್ಲೇ ಉಳಿಯಿತು.

ಅಂದು ಲೆಕ್ ನದಿ ದಾಟಿ ಡೋರ್ಡ್ರೆಕ್ಟ್ ಸೇರಬೇಕು. ಸೇತುವೆಯಿಲ್ಲ; ಸೈಕಲ್ಲುಗಳನ್ನೂ ಜನರನ್ನೂ ದಾಟಿಸುವ ಸಣ್ಣ ಯಂತ್ರದ ದೋಣಿ. ಕೊನೆಯ ದೋಣಿ ಆರು ಗಂಟೆಗೆ ಎಂದು ದಾರಿಯ ಹಾಳೆಯಲ್ಲಿ ದಪ್ಪಕ್ಷರದಲ್ಲಿತ್ತು. ಊಟ ಮುಗಿಸಿ, ಮರದ ನೆರಳಲ್ಲಿ ಸಾಕಷ್ಟು ವಿಶ್ರಮಿಸಿ, ನದಿಯ ಏರಿಯ ಮೇಲಕ್ಕೆ ಬಂದಾಗ ನಾಲ್ಕು ದಾಟಿತ್ತು. ಏರಿಯೆಂದರೆ ನಮ್ಮ ಕೆರೆಯ ಏರಿಯಂತೆಯೇ. ಆದರೆ ಮೈಲಿಗಟ್ಟಲೆ ಉದ್ದ. ಮೇಲೆ ದಾರಿ, ಒಂದು ಬದಿಗೆ ನದಿ, ಇನ್ನೊಂದು ಬದಿಯ ತಗ್ಗಿನಲ್ಲಿ ಮನೆಗಳ ಸಾಲು, ಆ ಮನೆಗಳ ಮುಂದೆ ಇನ್ನೊಂದು ದಾರಿ. ಅಂದು ವಿಶ್ವಕಪ್ ಫುಟ್‌ಬಾಲಿನಲ್ಲಿ ಅವರ ದೇಶದ ಆಟ. ಮನೆಮನೆಗೂ ಕಿತ್ತಳೆ ಬಣ್ಣದ ಬಾವುಟ, ದಾರಿಯಲ್ಲಿ ನರಪಿಳ್ಳೆಯಿಲ್ಲ.

ಎದುರುಗಾಳಿ ಬಲವಾಗಿತ್ತು. ರಾಯರು ತಲೆ ಬಗ್ಗಿಸಿ ತುಳಿಯುತ್ತಿದ್ದರು. ಆ ದೇಶದಲ್ಲಿ ಸೈಕಲ್ ದಾರಿ ತೋರಿಸಲು ಮೊಣಕಾಲೆತ್ತರದ ಅಣಬೆಯಾಕಾರದ ಗುರುತುಗಳನ್ನು ನೆಟ್ಟಿರುತ್ತಾರೆ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ದೋಣಿಗೆ ಇಳಿಯುವ ತಿರುವಿನ ಅಣಬೆ ಹುಲ್ಲಿನಲ್ಲಿ ಅರ್ಧ ಮುಚ್ಚಿತ್ತು. ರಾಯರು ಅದನ್ನು ದಾಟಿ ಮುಂದೆ ಹೋಗಿಬಿಟ್ಟರು. ವಿಜಯಾ ಅದನ್ನು ನೋಡಿ ಸೈಕಲ್ ನಿಲ್ಲಿಸಿದಳು.

"ರೀ!" ಎಂದಳು. "ರೀ, ಇಲ್ಲಿ ಕಣ್ರೀ!"

ಗಾಳಿ ಅದನ್ನು ಅವಳ ಬಾಯಿಂದಲೇ ಕಿತ್ತು ಹಿಂದಕ್ಕೆಸೆಯಿತು. ಇನ್ನೊಮ್ಮೆ ಕರೆದಳು. ರಾಯರ ಕಂದು ಟೋಪಿ ಏರಿಯ ತಿರುವಿನಲ್ಲಿ ಮರಗಳ ಹಿಂದೆ ಮರೆಯಾಯಿತು.

ಈಗ ತಿಳಿದು ತಿರುಗಿ ಬರುತ್ತಾರೆ ಎಂದುಕೊಂಡಳು. ಐದು ನಿಮಿಷವಾಯಿತು, ಹತ್ತಾಯಿತು. ಬಾಯಾರಿ, ನೀರಿಗೆಂದು ಚೀಲಕ್ಕೆ ಕೈ ಹಾಕಿದಳು. ಬೆರಳಿಗೆ ಸಿಕ್ಕಿದ್ದು ಮಾತ್ರೆಯ ಪಟ್ಟಿ.

"ಅಂಗಿ ಒಗೆಯೋಕೆ ಮುಂಚೆ ಅದನ್ನ ತೆಗೆದವಳು ನಾನೇ ಮೇಷ್ಟ್ರೇ" ಎಂದಳು ನನಗೆ ಹೇಳುವಾಗ.

ಎದುರುಗಾಳಿ, ಅವಸರದಲ್ಲಿ ತುಳಿಯುವ, ಬಿ.ಪಿ.ಯೂ ಇರುವ ಮನುಷ್ಯ. ಜೇಬಿನಲ್ಲಿ ಏನೂ ಇಲ್ಲ. ಅವಳು ಅಟ್ಟಿಸಿಕೊಂಡು ಹೊರಟಳು. ಏರಿಯ ಮೇಲೆ ಗಾಳಿಗೆ ಸೈಕಲ್ ಸಾಗದು, ತಗ್ಗಿನ ದಾರಿಯಲ್ಲಿ ಮನೆಗಳ ಮರೆಯಿದೆ, ಬೇಗ ಹೋಗಬಹುದು ಎಂದು ಕೆಳಗಿಳಿದಳು. ತಪ್ಪಾದದ್ದು ಅಲ್ಲಿ. ಅವಳು ಕೆಳಗಿನಿಂದ ಮುಂದೆ ಹೋಗುತ್ತಿರುವಾಗಲೇ ರಾಯರು ಏರಿಯ ಮೇಲಿನಿಂದ, ಗಾಳಿ ಬೆನ್ನಿಗೆ ಹಾಕಿಕೊಂಡು, ಅವಳನ್ನೇ ಹುಡುಕುತ್ತ ಹಿಂದಿರುಗುತ್ತಿದ್ದರು. ನಡುವೆ ಮಣ್ಣಿನ ಏರಿ ಮತ್ತು ಮನೆಗಳ ಹಿಂಬದಿ. ಒಬ್ಬರನ್ನೊಬ್ಬರು ಕಾಣದೆ ದಾಟಿಹೋದರು.

ಮುಂದಿನ ಊರು ಐದು ಕಿಲೋಮೀಟರು. ದಾರಿಯ ಉದ್ದಕ್ಕೂ ಅವಳ ಕಣ್ಣು ಹುಡುಕಿದ್ದು ಸೈಕಲ್ ಮೇಲೆ ಹೋಗುವವರನ್ನಲ್ಲ. ಹುಲ್ಲಿನಲ್ಲಿ, ಚರಂಡಿಯಲ್ಲಿ ಬಿದ್ದಿರಬಹುದಾದ ಕಂದು ಟೋಪಿಯನ್ನು. ಊರಿನಲ್ಲಿ ಅಂಗಡಿ ಮುಚ್ಚಿತ್ತು. ಒಂದು ಮನೆಯ ಕಿಟಕಿಯೊಳಗೆ ಟೀವಿಯ ಮುಂದೆ ಹತ್ತಾರು ಜನ ಕಂಡರು. ಗಾಜು ತಟ್ಟಿದಳು. ಒಳಗೆ ಗೋಲಾಯಿತೋ ಏನೋ, ಎಲ್ಲರೂ ಎದ್ದು ಕುಣಿದರು. ಅವಳ ತಟ್ಟು ಯಾರಿಗೂ ಕೇಳಿಸಲಿಲ್ಲ. ಎರಡನೆಯ ಮನೆಯ ಮುದುಕಿ ಬಾಗಿಲು ತೆರೆದು, ಸಾವಧಾನದಿಂದ ಕೇಳಿ, ಇಲ್ಲವೆಂದು ತಲೆಯಾಡಿಸಿದಳು. ಆ ದಾರಿಯಲ್ಲಿ ಯಾರೂ ಬಂದಿರಲಿಲ್ಲ.

ಏರಿಯ ಮೇಲಿನಿಂದ ದೋಣಿಗಟ್ಟೆಗೆ ಅವಳು ಮರಳಿದಾಗ ಆರಕ್ಕೆ ಹದಿನೈದು ನಿಮಿಷವಿತ್ತು. ದೋಣಿ ಈ ದಡದಲ್ಲೇ ಕಟ್ಟಿತ್ತು. ದೋಣಿಯವನು, ಬಿಳಿಗಡ್ಡದ ದಪ್ಪ ಮನುಷ್ಯ, ರೇಡಿಯೋಗೆ ಕಿವಿ ಹಚ್ಚಿ ಕುಳಿತಿದ್ದ.

"ಕಂದು ಟೋಪಿ? ಇಂಡಿಯಾದವರು? ದಾಟಿಸಿದೆನಲ್ಲ, ಈಗ ತಾನೇ" ಎಂದ. "ಸೈಕಲ್ ಮೇಲೆ ಒಬ್ಬ ಹೆಂಗಸು ದಾಟಿದಳೇ ಎಂದು ಕೇಳಿದರು. ಹೌದೆಂದೆ."

"ನಾನೇ ಅಲ್ಲವೇ ಆ ಹೆಂಗಸು! ನಾನು ದಾಟಲೇ ಇಲ್ಲ!"

"ಮ್ಯಾಡಮ್, ಸೈಕಲ್ ಮೇಲೆ ಹೆಂಗಸರು ಇಲ್ಲಿ ದಿನವಿಡೀ ದಾಟುತ್ತಾರೆ" ಎಂದ ಅವನು, ಪಾಪ, ನಿಜವನ್ನೇ.

ಅವಳು ಆಚೆ ದಡ ನೋಡಿದಳು. ನದಿ ಅಗಲ. ಎದುರಿನ ಏರಿಯನ್ನು ಒಬ್ಬರು ಸೈಕಲ್ ತಳ್ಳಿಕೊಂಡು ಹತ್ತುತ್ತಿದ್ದರು. ನಾಲ್ಕು ಹೆಜ್ಜೆ ಇಟ್ಟು ನಿಲ್ಲುವರು. ಮತ್ತೆ ನಾಲ್ಕು ಹೆಜ್ಜೆ. ಸೀಟಿನ ಮೇಲೆ ಮೈ ಭಾರ ಹಾಕಿ ಬಾಗುವರು. ಆ ನಿಲ್ಲುವಿಕೆಯನ್ನು ಅವಳು ಬಲ್ಲಳು. ಅದು ರೈಲು ನಿಲ್ದಾಣದ ಮೆಟ್ಟಿಲ ನಿಲ್ಲುವಿಕೆ. ಏರಿಯ ತುದಿ ದಾಟಿದರೆ ಮತ್ತೆ ಕಾಣುವುದಿಲ್ಲ. ಇಲ್ಲದ ಹೆಂಡತಿಯನ್ನು ಹಿಡಿಯಲೆಂದು ಇನ್ನಷ್ಟು ಜೋರಾಗಿ ತುಳಿಯುತ್ತಾರೆ.

"ದೋಣಿ ಬಿಡಿ, ದಯವಿಟ್ಟು."

"ಆರಕ್ಕೆ ಕೊನೆಯ ದೋಣಿ. ಹದಿನೈದು ನಿಮಿಷ."

"ರೀ!" ಎಂದು ಕೂಗಿದಳು. ಮೊದಲ ಬೆಂಚು ದಾಟದ ಅದೇ ಧ್ವನಿ. ಆಚೆ ದಡದ ಮನುಷ್ಯ ಮತ್ತೆ ನಾಲ್ಕು ಹೆಜ್ಜೆ ಇಟ್ಟರು.

ಅಜ್ಜಿಯ ಮಾತು ಅವಳಿಗೆ ಆ ಗಳಿಗೆಯಲ್ಲೇ ನೆನಪಾಯಿತಂತೆ. ಸವೆಯಲು ಇನ್ನೆಷ್ಟು ಉಳಿದಿದೆಯೋ ಗೊತ್ತಿಲ್ಲದ ಆಯುಸ್ಸು. ಅದರಿಂದ ತಾನೇ ಒಂದು ತುಂಡು ಮುರಿಯಬೇಕೆ? ಮಾತ್ರೆಯ ಪಟ್ಟಿಯನ್ನು ಅಂಗೈಗೆ ಮೊನೆ ಚುಚ್ಚುವಷ್ಟು ಬಿಗಿಯಾಗಿ ಹಿಡಿದಿದ್ದಳು. ಏರಿಯ ತುದಿಗೆ ಇನ್ನು ಹತ್ತು ಹೆಜ್ಜೆ.

"ವಾಮನಾ!"

ದೋಣಿಯವನು ಬೆಚ್ಚಿ ಎದ್ದು ನಿಂತ. ನೀರಿನ ಮೇಲಿದ್ದ ಬಾತುಗಳು ಹಾರಿದವು.

"ವಾಮನಾ! ವಾಮನಾ! ನಿಂತ್ಕೋ! ಅಲ್ಲೇ ಕೂತ್ಕೋ!"

ಆಚೆ ದಡದಲ್ಲಿ ಸೈಕಲ್ ಕೆಳಗೆ ಬಿತ್ತು. ರಾಯರು ತಿರುಗಿ ನೋಡಿದರು. ಕೈ ಎತ್ತಿದರು, ಹಾಗೆಯೇ ಹುಲ್ಲಿನ ಮೇಲೆ ಕುಳಿತರು. ತಾನು ಹೇಳಿದ್ದಕ್ಕೆ ಕುಳಿತರೋ, ಕುಸಿದರೋ, ಅವಳಿಗೆ ತಿಳಿಯಲಿಲ್ಲ.

ದೋಣಿಯವನು ಅವಳ ಕೈಯಲ್ಲಿದ್ದ ಮಾತ್ರೆಯ ಪಟ್ಟಿಯನ್ನು ನೋಡಿದ, ಮುಖವನ್ನು ನೋಡಿದ. ರೇಡಿಯೋ ಆರಿಸಿ, ಗಡಿಯಾರವನ್ನು ನೋಡದೆ ಹಗ್ಗ ಬಿಚ್ಚಿದ. ದಾಟಲು ನಾಲ್ಕೈದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವಳು ಕಂಬಿ ಹಿಡಿದು ನಿಂತು ಆ ಕಂದು ಟೋಪಿ ಅಲುಗುತ್ತದೆಯೇ ಎಂದು ನೋಡುತ್ತಿದ್ದಳು. ಒಮ್ಮೆ ಅಲುಗಿತು. ಆಮೇಲೆ ಅಲುಗಲಿಲ್ಲ.

ದಡ ಮುಟ್ಟುವ ಮೊದಲೇ ಹಾರಿದಳು. ಸೈಕಲ್ ದೋಣಿಯಲ್ಲೇ ಉಳಿಯಿತು. ರಾಯರ ಹಣೆ ಬೆವೆತಿತ್ತು, ತುಟಿ ಬೆಳ್ಳಗಾಗಿತ್ತು.

"ಸ್ವಲ್ಪ... ಭಾರ ಅನ್ನಿಸ್ತಿದೆ ಕಣೆ."

"ಮಾತಾಡ್ಬೇಡಿ. ನಾಲಿಗೆ ಎತ್ತಿ."

ಮಾತ್ರೆ ಇಟ್ಟಳು. ಪಕ್ಕದಲ್ಲಿ ಕುಳಿತು ಅವರ ಮಣಿಕಟ್ಟು ಹಿಡಿದಳು. ಐದು ನಿಮಿಷ ಕಳೆದರೂ ಭಾರ ಇಳಿಯಲಿಲ್ಲ. ಎರಡನೆಯದನ್ನಿಟ್ಟಳು. ಅಷ್ಟರಲ್ಲಿ ದೋಣಿಯವನು ದಡದ ಮೇಲಿನ ಮನೆಗೆ ಹೋಗಿ ಡಾಕ್ಟರಿಗೆ ಫೋನು ಮಾಡಿಸಿ ಬಂದಿದ್ದ. ಡಾಕ್ಟರ ಕಾರು ಬರುವ ಹೊತ್ತಿಗೆ ರಾಯರ ಉಸಿರು ಹದಕ್ಕೆ ಬಂದಿತ್ತು, ತುಟಿಗೆ ಬಣ್ಣ ಮರಳಿತ್ತು.

"ಹೆಸರು ಹಿಡಿದು ಕೂಗ್ದೆಯಲ್ಲೇ" ಎಂದರು.

"ತಪ್ಪಾಯ್ತು."

"'ನಿಂತ್ಕೋ, ಕೂತ್ಕೋ' ಅಂತ ಏಕವಚನ ಬೇರೆ!"

ಅವಳು ಆಗ ಅತ್ತಳು. ರಾಯರು ಹೇಳಿದರಂತೆ: "ಆಫೀಸಲ್ಲೆಲ್ಲ ರಾವ್, ರಾವ್. ಅಮ್ಮ ಹೋದ್ಮೇಲೆ ನನ್ನನ್ನ ಯಾರೂ ಹಾಗೆ ಕರ್ದಿಲ್ಲ ಕಣೆ. ಏನೇ ಆಗ್ಲಿ ನಿಂತು ನೋಡ್ಬೇಕು ಅನ್ನಿಸ್ತು."

ಡಾಕ್ಟರು ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳುಹಿಸಿದರು. ಬ್ರೂಜ್ ನಗರಕ್ಕೆ ಅವರು ಹೋದದ್ದು ಮುಂದಿನ ವರ್ಷ, ರೈಲಿನಲ್ಲಿ. ಊರು ಚೆನ್ನಾಗಿತ್ತು ಎಂದಷ್ಟೇ ವಿಜಯಾ ಹೇಳಿದಳು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಬ್ರೂಜ್‌ಗೆ ಹೋಗಿಬಂದ ವರ್ಷವೇ, ದೀಪಾವಳಿಯ ರಜೆಯಲ್ಲಿ ಇಬ್ಬರೂ ತಿಪಟೂರಿನ ನಮ್ಮ ಮನೆಗೆ ಬಂದಾಗ. ರಾಯರು ಹೊರಗೆ ತೆಂಗಿನ ಗಿಡ ನೋಡುತ್ತಿದ್ದರು. ಅವಳು ಧ್ವನಿ ತಗ್ಗಿಸಿ, "ಮೇಷ್ಟ್ರೇ, ಮೂರು ಸಲ ಕೂಗಿದೆ. ತಪ್ಪಾಯ್ತೇನೋ ಅಂತ ಇನ್ನೂ ಒಂದೊಂದು ದಿನ ಹೆದರಿಕೆ ಆಗತ್ತೆ" ಎಂದಳು.

"ಕೊನೆಯ ಬೆಂಚಿಗೂ ಕೇಳಿಸಿತಲ್ಲಮ್ಮ" ಎಂದೆ.

ಹೊರಡುವಾಗ ರಾಯರು ನನ್ನೊಡನೆ ಮಾತಿಗೆ ನಿಂತರು. ಗೇಟಿನ ಬಳಿಯಿಂದ ಅವಳು "ರೀ, ಬಸ್ಸಿಗೆ ಹೊತ್ತಾಯ್ತು" ಎಂದಳು. ರಾಯರು ನನಗೆ ಕಣ್ಣು ಮಿಟುಕಿಸಿ, ಕೇಳಿಸದವರಂತೆ ಮಾತು ಮುಂದುವರಿಸಿದರು. "ರೀ!" ಎಂದಳು ಇನ್ನೊಮ್ಮೆ. ಅವರು ಕದಲಲಿಲ್ಲ. ಮೂರನೆಯ ಸಲ ಅವಳು ಕರೆಯಲಿಲ್ಲ. ಹಿಂದಿರುಗಿ ಬಂದು, ಅವರ ಅಂಗಿಯ ಜೇಬನ್ನು ಹೊರಗಿನಿಂದಲೇ ಮುಟ್ಟಿ ನೋಡಿ, ಒಳಗೆ ಪಟ್ಟಿಯಿರುವುದನ್ನು ಖಚಿತಪಡಿಸಿಕೊಂಡು, ತೋಳು ಹಿಡಿದು ಕರೆದುಕೊಂಡು ಹೋದಳು.