ಕೊಟ್ಟಿಗೆಯಲ್ಲಿ ಕ್ರಿಯೇಟಿನ್

ಜಿಮ್ಮಿನಲ್ಲಿ ಕಸುವು ಹೆಚ್ಚಲೆಂದು ನಾನು ತಂದ ಕ್ರಿಯೇಟಿನ್ ಪುಡಿಯ ಡಬ್ಬಿಯನ್ನು ಅಮ್ಮ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಇದು ಮಾಂಸದಲ್ಲೂ ಇರುವ ವಸ್ತು ಎಂದು ಜಾಣನಂತೆ ಬಾಯಿಬಿಟ್ಟವನು ನಾನೇ. ಕಾರ್ಖಾನೆಯಲ್ಲಿ ತಯಾರಾದದ್ದು, ಮಾಂಸದಿಂದ ತೆಗೆದದ್ದಲ್ಲ ಎಂದು ಆಮೇಲೆ ಎಷ್ಟು ಹೇಳಿದರೂ ಕೇಳಲಿಲ್ಲ. ನಮ್ಮದು ತಲೆಮಾರುಗಳಿಂದ ತಮಿಳುನಾಡಿನ ಪಲ್ಲಡಂ ಬಳಿ ನೆಲೆಸಿದ, ಮೊಟ್ಟೆಯನ್ನೂ ಮುಟ್ಟದ ಕನ್ನಡದ ಮನೆ.

"ಅದ್ನ ಕೊಟ್ಟಿಗೆಲಿ ಮಡಿಕ್ಕೊ ಕಣ್ಣು. ಟಂಬ್ಳರೂ ಬ್ಯಾರೆ, ಕರಂಡಿನೂ ಬ್ಯಾರೆ" ಎಂದು ಒಂದು ಹಳೆಯ ಚಮಚ ಕೊಟ್ಟಳು. ಕಣ್ಣು ಎನ್ನುವುದು ಅವಳು ನನ್ನನ್ನು ಮುದ್ದಿನಿಂದ ಕರೆಯುವ ರೀತಿ.

ಹೀಗಾಗಿ ಸೂಲೂರಿನ ಮಿಲ್ಲಿಗೆ ಹೊರಡುವ ಮುನ್ನ ಹಸುವಿನ ಪಕ್ಕ ನಿಂತು ಪುಡಿ ಕಲಸಿದ ನೀರು ಕುಡಿಯುತ್ತಿದ್ದೆ. ಎರಡೇ ವಾರಕ್ಕೆ ತೂಕ ಎರಡು ಕಿಲೋ ಏರಿತು. ಮೀಸೆ ತಿರುವಿಕೊಂಡು ಜಿಮ್ಮಿನ ಮಾಸ್ಟರಿಗೆ ಹೇಳಿದರೆ, "ತಣ್ಣಿ ತಂಬಿ, ಎಲ್ಲಾಂ ತಣ್ಣಿ" ಎಂದು ನಕ್ಕರು. ಬಹುಪಾಲು ಮೈಯಲ್ಲಿ ನಿಂತ ನೀರಂತೆ! ಪುಡಿ ಭಾರವನ್ನು ಒಂದೆರಡು ಸಲ ಹೆಚ್ಚಿಗೆ ಎತ್ತಿಸಬಹುದು, ಆದರೆ ಎತ್ತಬೇಕಾದವನು ನೀನೇ. ಸ್ವಲ್ಪ ಸ್ವಲ್ಪ ಏರಿಸು, ನಡುವೆ ಮೈಗೆ ಬಿಡುವು ಕೊಡು ಎಂದರು.

ಆ ವರ್ಷ ಊರಿಗೆ ಊರೇ ಚಿಕೂನ್‌ಗುನ್ಯಾ ಹಿಡಿದು ಮಲಗಿತ್ತು. ಅಮ್ಮನಿಗೆ ನೋವು ಇಳಿದರೂ ತೊಡೆಯಲ್ಲಿ ಕಸುವು ಉಳಿದಿರಲಿಲ್ಲ. ಕುಕ್ಕರಗಾಲಲ್ಲಿ ಕೂತರೆ ಎಬ್ಬಿಸಲು ಇಬ್ಬರು ಬೇಕು. ಹಸುವೋ ಅವಳ ಕೈಗಲ್ಲದೆ ಹಾಲು ಇಳಿಸದು. ಕೆಚ್ಚಲಿಗೆ ಕೈ ಹಾಕಿದ ಅಪ್ಪ ಒದೆ ತಿಂದರು. ಕಾಲು ಕಟ್ಟಿ ಹೇಗೋ ಹಿಂಡುತ್ತಿದ್ದೆವು. "ಪೊಂಗಲ್ ಆಗ್ಲಿ, ಮಾರ್ಬುಡಣ" ಎಂದರು ಅಪ್ಪ. ಅಮ್ಮ ಹಸುವಿನ ಗಂಗೆದೊಗಲು ಸವರುತ್ತಾ ನಿಂತಳು.

ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ನಾನು ಬಸ್ಕಿ ಹೊಡೆಯುವುದನ್ನು ನೋಡಿ ಅಮ್ಮ ಕೇಳಿದಳು: "ನಂಗೂ ಆಗ್ತದಾ ಇದು?"

"ಪುಡಿ ಬೇಡ್ವಾಮ್ಮ?"

"ಛೀ, ಆಕಡೆ ಮಡಗು. ಕೂರೋದ್ ಏಳೋದ್ ಹೇಳ್ಕೊಡು, ಸಾಕು."

ಮಾಸ್ಟರನ್ನು ಕೇಳಿ ಬಂದು, ಗೋಡೆಗೊತ್ತಿ ಆರು ಸಾಲು ಇಟ್ಟಿಗೆ ಪೇರಿಸಿದೆ. ಕಂಬ ಹಿಡಿದು ಅದರ ಮೇಲೆ ಕೂರುವುದು, ಏಳುವುದು, ದಿನ ಬಿಟ್ಟು ದಿನ. ಮೊದಲ ದಿನ ಐದಕ್ಕೇ ಕಾಲು ನಡುಗಿದವು. ಎರಡು ವಾರಕ್ಕೊಂದು ಸಾಲು ಇಳಿಸಿದೆವು. ನಾಲ್ಕನೆಯ ಸಾಲನ್ನು ತೆಗೆದಾಗ ಏಳಲಾರದೆ ಪಕ್ಕಕ್ಕೆ ವಾಲಿಬಿಟ್ಟಳು. ಸಾಕಮ್ಮ ಎಂದೆ. ತಾನೇ ಒಂದು ಸಾಲು ಮತ್ತೆ ಇಡಿಸಿಕೊಂಡು, ಹತ್ತು ಎಣಿಸಿ ಮುಗಿಸಿದ ಮೇಲೇ ಒಲೆ ಹಚ್ಚಿದ್ದು. ಐವತ್ತೈದು ದಾಟಿದ, ಜ್ವರ ಹಿಂಡಿಹಾಕಿದ ಆ ಕಡ್ಡಿಕಾಲಿಗೆ ಕೇಳಿದಷ್ಟು ಬಲ ಎಲ್ಲಿಂದ ಬರುತ್ತಿತ್ತೋ! ನಾನು ಬೆರಗಾಗಿ ಹೋದೆ. ಕನ್ನಡಿಯಲ್ಲಿ ತೋಳು ನೋಡಿಕೊಂಡು ಹಿಗ್ಗುತ್ತಿದ್ದದ್ದಕ್ಕೆ ನಾಚಿಕೆಯಾಯಿತು.

ಪೊಂಗಲ್ ಮುಗಿಯಿತು. ಹಸು ನೋಡಲು ದಲ್ಲಾಳಿ ಬೆಳಿಗ್ಗೆಯೇ ಬಂದ. ಅಮ್ಮ ಅವನನ್ನು ನಿಲ್ಲಿಸಿ, ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಹಿಂಡತೊಡಗಿದಳು. ಮುಗಿದಾಗ ನಾನು ಕೈ ಚಾಚಿದೆ.

"ದೂರ ನಿಲ್ಲು ಕಣ್ಣು."

ತುಂಬಿದ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಕಂಬದ ಕಡೆ ತಿರುಗಿಯೂ ನೋಡದೆ, ನೆಟ್ಟಗೆ ಎದ್ದು ನಿಂತಳು.

ಅಪ್ಪ ಆ ಹಾಲಿನಲ್ಲೇ ದಲ್ಲಾಳಿಗೆ ಕಾಫಿ ಮಾಡಿಸಿ ಕುಡಿಸಿ, ಅವನೊಬ್ಬನನ್ನೇ ಬಸ್ಸಿನವರೆಗೂ ತಾವೇ ಹೋಗಿ ಬಿಟ್ಟುಬಂದರು.