ಹಾಲೋ, ಹಾಳೋ?

ಹಾಲು ಒಡೆದ ಹಾಗೆ ಬೆಳಗಿನ ಜಾವ ಕನಸು ಬಿತ್ತು, ಸ್ನೇಹಿತರೇ. ಎದ್ದು ಫೋನ್ ನೋಡಿದರೆ, ಇಲ್ಲೇ ಅಮೆರಿಕದ ಮಿಲ್ಪಿಟಾಸ್‌ನಲ್ಲಿ ಮಗ ಕೊಂಡ ಟೌನ್‌ಹೌಸಿನ ಗೃಹಪ್ರವೇಶದ ಆಮಂತ್ರಣ ಬಂದಿತ್ತು. ಅವನೇ ಟೈಪ್ ಮಾಡಿದ್ದ: 'ಬೆಳಿಗ್ಗೆ ಹಾಳು ಉಕ್ಕಿಸುವ ಶಾಸ್ತ್ರ.'

ಕಾಫಿ ಕುಡಿಯುತ್ತಿದ್ದವನ ಮುಂದೆ ಫೋನ್ ಹಿಡಿದೆ. "ಹಾಲಿಗೆ ಹಾಳು ಅಂತ ಬರ್ದಿದೀಯಲ್ಲೋ!"

"ಅಯ್ಯೋ ಅಮ್ಮಾ, ಎಲ್ರಿಗೂ ಅರ್ಥ ಆಗುತ್ತೆ ಬಿಡು. ಕನ್ನಡ ನ್ಯೂಸ್ ಚಾನೆಲ್ನೋರೇ ದಿನಾ ಹಿಂಗೇ ಬರೀತಾರೆ."

"ಅವರು ಬರೆಯೋದು ಊರ ಸುದ್ದಿ ಕಣಪ್ಪ. ಇದು ನಿನ್ನ ಮನೆ."

ಅವನು ಕಾಫಿ ಲೋಟ ಕೆಳಗಿಟ್ಟ. ಆಮೇಲೆ, "ನೀನೇ ಸರಿ ಮಾಡ್ಕೊಡು, ಎಲ್ರಿಗೂ ಮತ್ತೆ ಕಳಿಸ್ತೀನಿ" ಎಂದ.

ಹಾಲು ಸರಿ ಮಾಡಿದೆ. ಆದರೆ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಈಗ ಇನ್ನೊಂದು ಭಯ. 'ಗೃಹ'ಕ್ಕೆ ವಟ್ರಸುಳಿಯೇ ತಾನೆ? ಯಾರಾದರೂ ಇನ್ನೊಂದು ಸಲ ನೋಡಿ ಹೇಳಿ. ಟಿ.ವಿ. ನೋಡಿ ಮಾತ್ರ ಹೇಳಬೇಡಿ.