ಇಳಿಯದ ಮುಳ್ಳು

ಕಾರಿನ ಪೆಟ್ರೋಲ್ ಮುಳ್ಳು ಬೇಗ ಇಳಿಯುತ್ತಿಲ್ಲವೆಂದು ಹೆದರಿದ ಹೆಂಗಸು ನಮ್ಮ ಕಡೆ ನಾನೊಬ್ಬಳೇ ಇರಬೇಕು.

ನನ್ನ ಗಂಡ ಹಂಗಾರಕಟ್ಟೆಯವರು. ಎಳೆಯ ವಯಸ್ಸಿನಲ್ಲಿ ಅಪ್ಪನ ಜೊತೆ ದೋಣಿಗೆ ಹೋಗಿ, ಆಮೇಲೆ ಮುಂಬಯಿಯಲ್ಲಿ ಕ್ಯಾಂಟೀನ್ ನಡೆಸಿ, ಕೊನೆಗೆ ಊರಿಗೆ ಬಂದು ಮೀನಿನ ವ್ಯಾಪಾರ ಹಿಡಿದವರು. ಬರುವಾಗ ಯಾರೋ ಮಾರಿದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಮುಂಬಯಿಯಿಂದ ಓಡಿಸಿಕೊಂಡೇ ಬಂದಿದ್ದರು. ಬೂದು ಬಣ್ಣದ್ದು, ನೆಲಕ್ಕೆ ಅಂಟಿಕೊಂಡ ಹಾಗಿತ್ತು. ನಮ್ಮ ಓಣಿಯ ಹೊಂಡಗಳಲ್ಲಿ ಅದರ ಹೊಟ್ಟೆ ಉಜ್ಜದ ದಿನವಿಲ್ಲ. ಹೆದ್ದಾರಿಗೆ ಹತ್ತಿದರೆ ಮಾತ್ರ ಹಿಡಿಯುವವರಿಲ್ಲ. ಗೇರು ಬದಲಾಗುವ ಮೊದಲು ಇಂಜಿನ್ ಕಿರುಚಬೇಕು, ಮುಂದೆ ಬಸ್ಸು ಕಂಡರೆ ಹಿಂದೆ ಹಾಕಲೇಬೇಕು, ಹಾಕಿದ ಕೂಡಲೇ ಎದುರಿನ ಲಾರಿಗೆ ಹೆದರಿ ಬ್ರೇಕ್ ಒತ್ತಬೇಕು. ಹೀಗೆ ಓಡಿಸಿದರೆ ಲೀಟರಿಗೆ ಏಳೆಂಟು ಕಿಲೋಮೀಟರ್ ಸಿಕ್ಕರೆ ದೊಡ್ಡದು. ಬ್ರಹ್ಮಾವರದ ಪೆಟ್ರೋಲ್ ಪಂಪಿನವನು ಪೈಪು ಹಿಡಿದುಕೊಂಡೇ, "ಹ್ವಾಯ್, ಇದಕ್ಕ್ ಬಾಯಾರ್ಕೆ ಕಾಯ್ಲಿ ಇತ್ತ್ ಕಾಣಿ," ಎಂದು ನಗುತ್ತಿದ್ದ.

ನಾನು ಕಾರು ಕಲಿತದ್ದು ಬೈಂದೂರಿನ ತವರಿನಲ್ಲಿ, ಅಣ್ಣನ ವ್ಯಾನಿನಲ್ಲಿ. ನನ್ನದು ಹಗುರ ಕಾಲು. ಇವರ ಪಕ್ಕ ಕೂತಾಗಲೆಲ್ಲ ಸುಮ್ಮನಿರಲಾಗುತ್ತಿರಲಿಲ್ಲ.

"ಅಷ್ಟ್ ಒತ್ತಿ, ಮತ್ತೆ ಅಷ್ಟನ್ನೂ ಬ್ರೇಕಿಗೆ ಸುಡೂದ್ ಎಂತಕ್ಕೆ? ದೂರದಿಂದ್ಲೇ ಕಂಡ್ ಕಾಲ್ ತೆಗ್ದ್ರೆ ಸಾಕಲ್ದಾ?"

"ಅಷ್ಟ್ ಮೆಲ್ಲ ಹೋಪುಕೆ ಎತ್ತಿನ ಗಾಡಿ ಸಾಕಿತ್ತ್, ಹೆಣೆ," ಎನ್ನುತ್ತಿದ್ದರು.

ಒಂದು ವರ್ಷ ಮಳೆಗಾಲ ಮುಗಿದ ಮೇಲೆ ಮುಳ್ಳು ಇಳಿಯುವುದು ನಿಧಾನವಾಯಿತು. ಮೀನಿನ ವ್ಯಾಪಾರಕ್ಕೆ ದಿನವೂ ಅದೇ ಬೈಂದೂರು, ಅದೇ ದಾರಿ. ನಾನು ಪೇಟೆಗೆಂದು ಕಾರು ತೆಗೆದಾಗ ನೋಡಿದರೆ ಟ್ಯಾಂಕು ಅರ್ಧಕ್ಕಿಂತ ಮೇಲೆಯೇ ಇರುತ್ತಿತ್ತು. ಪಂಪಿನವನೂ ಕೇಳಿದ: "ಎಂತ, ಈಗ ಕಾಂಬುಕೇ ಇಲ್ಲ? ಬೇರೆ ಪಂಪಿಗೆ ಹೋತ್ರಿಯಾ?"

ಮೊದಲು ನನಗೆ ಬಂದದ್ದು ಹೆಂಡತಿಯರಿಗೆ ಬರುವ ಅನುಮಾನವೇ. ಇವರು ಬೈಂದೂರಿಗೆ ಹೋಗುತ್ತಾರೋ, ಇಲ್ಲೇ ಹತ್ತಿರದಲ್ಲಿ ಯಾರದಾದರೂ ಮನೆಯಲ್ಲಿ ಕೂತು ಬರುತ್ತಾರೋ? ಆದರೆ ಕಿಲೋಮೀಟರ್ ಲೆಕ್ಕ ಸರಿಯಾಗಿ ಏರುತ್ತಿತ್ತು. ಅಂದರೆ ಕಾಲು ಹಗುರವಾಗಿದೆ. ನಾನು ಬೇಡಿಕೊಂಡದ್ದು ಅದನ್ನೇ. ಸಂತೋಷಪಡಬೇಕಿತ್ತು, ಆಗಲಿಲ್ಲ. ನಡು ವಯಸ್ಸು ದಾಟಿದ ಗಂಡಸಿನ ಕಾಲು ಹಾಗೆ ಒಂದೇ ಸಲ ಬದಲಾಗುವುದಿಲ್ಲ. ಇವರ ಅಂಗಿ ಹಾಕಿಕೊಂಡು ಬೇರೆ ಯಾರೋ ಕಾರು ಓಡಿಸುತ್ತಿದ್ದಾರೆ ಅನಿಸುತ್ತಿತ್ತು. ಮೊದಲೆಲ್ಲ ಬರುವುದು ತಿರುವಿನಿಂದಲೇ ಕೇಳುತ್ತಿತ್ತು. ಈಗ ಒಲೆಯಿಂದ ತಿರುಗಿ ನೋಡಿದರೆ ಬಾಗಿಲಲ್ಲಿ ನಿಂತಿರುತ್ತಿದ್ದರು. ಕಾರು ಬಂದದ್ದೇ ಗೊತ್ತಾಗುತ್ತಿರಲಿಲ್ಲ.

ಒಂದು ಸಂಜೆ ತವರಿಗೆ ಹೋಗಲು ನಾನೂ ಜೊತೆಗೆ ಹೊರಟೆ. ಕುಂದಾಪುರ ದಾಟಿದ ಮೇಲೆ ಒಂದು ಬಸ್ಸಿನ ಹಿಂದೆ ಬಿದ್ದರು. ಹಿಂದೆ ಹಾಕಲೇ ಇಲ್ಲ. ಕಿಟಕಿ ಪೂರ್ತಿ ಇಳಿಸಿಕೊಂಡು, ಬಾಯಿ ಮುಚ್ಚಿಕೊಂಡು, ಅದು ಹೋದ ಹಾಗೆ ಹೋದರು.

"ಎಂತ, ಇವತ್ತ್ ಬಸ್ಸಿನ ಬಾಲ ಹಿಡ್ಕಂಡಿದ್ರಿ?"

"ಪೆಟ್ರೋಲ್ ಉಳಿತ್ತಲ್ದಾ. ನೀ ಹೇಳಿದ್ದೇ."

ಮುಳ್ಳಿಕಟ್ಟೆಯಲ್ಲಿ ಬಸ್ಸು ನಿಂತಿತು, ನಾವು ಮುಂದೆ ಹೋದೆವು. ಮೂರ್ಸಂಜೆ. ತ್ರಾಸಿಯ ಇಳಿಜಾರು ಸಿಕ್ಕಿದ್ದೇ ಗೇರು ತೆಗೆದು ಕೀ ತಿರುಗಿಸಿ ಇಂಜಿನ್ ಬಂದ್ ಮಾಡಿದರು. ಕಾರು ತನ್ನ ಪಾಡಿಗೆ ಉರುಳತೊಡಗಿತು. ಟಯರಿನ ಸದ್ದು, ಅದರಾಚೆ ಸಮುದ್ರದ್ದು.

"ಬಂದ್ ಮಾಡೂದ್ ಎಂತಕ್ಕೆ? ಬ್ರೇಕ್ ಗಟ್ಟಿ ಆತ್ತ್."

"ಸುಮ್ನೆ ಕೂಕೋ." ಸ್ವಲ್ಪ ಹೊತ್ತಿನ ಮೇಲೆ, "ಲಾರಿ ಬತ್ತಾ ಇತ್ತ್," ಎಂದರು.

ರಸ್ತೆಯಲ್ಲಿ ಏನೂ ಇರಲಿಲ್ಲ. ಆಮೇಲೆ ತಿರುವಿನಿಂದ ಲಾರಿ ಬಂತು.

ಆಗ ಅವರ ಮುಖ ನೋಡಿದೆ. ಅದು ರಸ್ತೆಯ ಕಡೆ ಇರಲಿಲ್ಲ. ತಲೆ ಓರೆ ಮಾಡಿ, ಕಿವಿಯನ್ನು ಕಿಟಕಿಗೆ ಕೊಟ್ಟಿದ್ದರು. ಆ ಓರೆ ನನಗೆ ಗೊತ್ತಿತ್ತು. ಮದುವೆಯ ಹೊಸತರಲ್ಲಿ ಮಾವನ ದೋಣಿಯಲ್ಲಿ ಮಂಜಿನ ಬೆಳಿಗ್ಗೆ ಒಮ್ಮೆ ಅಳಿವೆಯೊಳಗೆ ಬಂದಿದ್ದೆ. ನದಿ ಸಮುದ್ರ ಸೇರುವ ಆ ಬಾಗಿಲು ಮಂಜಿನಲ್ಲಿ ಕಾಣುವುದಿಲ್ಲ. ಮಾವ ಇಂಜಿನ್ ನಿಲ್ಲಿಸಿ ಹೀಗೇ ತಲೆ ಓರೆ ಮಾಡಿ ಕೇಳುತ್ತಿದ್ದರು. ತೆರೆ ಒಡೆಯುವ ಸದ್ದಿದ್ದಲ್ಲಿ ಮರಳ ದಿಬ್ಬ, ಸದ್ದಿಲ್ಲದಲ್ಲಿ ದಾರಿ. ದೋಣಿಯನ್ನು ಸದ್ದಿಲ್ಲದ ಕಡೆಗೆ ತಿರುಗಿಸಬೇಕು.

ಇವರು ಲಾರಿಯ ಸದ್ದು ತಪ್ಪಿಸಿ ಕಾರನ್ನು ಎಡಕ್ಕೆ, ಸದ್ದಿಲ್ಲದ ಕಡೆಗೆ ತಿರುಗಿಸಿದರು. ಅಲ್ಲಿ ರಸ್ತೆಯಂಚಿನಲ್ಲಿ ಒಬ್ಬಳು ಮೀನಿನ ಬುಟ್ಟಿ ಹೊತ್ತು ಬರಿಗಾಲಲ್ಲಿ ನಮಗೆ ಬೆನ್ನು ಮಾಡಿ ನಡೆಯುತ್ತಿದ್ದಳು.

ಸ್ಟೇರಿಂಗಿಗೆ ಎರಡೂ ಕೈ ಹಾಕಿ ಎಳೆದೆ. ಇಂಜಿನ್ ಇಲ್ಲದೆ ಅದು ಕಲ್ಲಾಗಿತ್ತು. ಅವಳ ಸೆರಗು ಕಿಟಕಿಗೆ ತಾಗಿದ ಹಾಗಾಯಿತು. ಕಾರು ಅವಳನ್ನು ದಾಟಿ, ಮರಳಿಗಿಳಿದು ನಿಂತಿತು. ಅವಳು ತಿರುಗಿಯೂ ನೋಡದೆ, ನಡಿಗೆ ಬದಲಿಸದೆ, ನಮ್ಮ ಪಕ್ಕದಿಂದಲೇ ಮುಂದೆ ಹೋದಳು. ನಾವೂ ಸದ್ದು ಮಾಡಿರಲಿಲ್ಲ, ಅವಳೂ ಮಾಡಿರಲಿಲ್ಲ. ಅವಳ ಬೆನ್ನು ಕತ್ತಲಲ್ಲಿ ಕರಗುವ ತನಕ ನೋಡುತ್ತಲೇ ಇದ್ದೆ.

"ಎಂತ ಆಯ್ತ್?" ಎಂದು ಕೇಳಿದರು.

"ಹೆಂಗ್ಸ್ ಒಬ್ಳ್ ಇದ್ದಿದ್ಲ್."

"ಅಲ್ಲಿ ಸದ್ದೇ ಇರ್ಲಿಲ್ಲ," ಎಂದರು, ತಪ್ಪು ಅವಳದ್ದು ಅನ್ನುವ ಹಾಗೆ.

"ನಿಮ್ಗ್ ಎಷ್ಟ್ ಕಾಣತ್ತ್?"

ಸ್ಟೇರಿಂಗಿನಿಂದ ಕೈ ತೆಗೆದರು. "ನೇರ ಎದ್ರಿಗಿಪ್ದ್ ಒಂಚೂರ್. ಬದಿದ್ ಎಂತದೂ ಇಲ್ಲ."

ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ಒಟ್ಟಿಗೆ ಅವರ ಮೇಲೆ ಹಾಕಿದೆ. ಹೇಳಿದ್ದರೆ ಕಾರು ಕಸಿದುಕೊಳ್ಳುತ್ತಿದ್ದೆನಂತೆ, ಅದಕ್ಕೆ ಹೇಳಲಿಲ್ಲವಂತೆ. ಇಳಿದು ಹೋಗಿ ಅವರನ್ನು ಆಚೆ ಸೀಟಿಗೆ ದೂಡಿದೆ. ಆಸ್ಪತ್ರೆಗೆ ಕರೆದೊಯ್ದಾಗ, ಕಣ್ಣಿನ ಒತ್ತಡ ಏರಿ ನರ ಸತ್ತಿದೆ, ಹೋದ ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು. ಕಣ್ಣಿಗೆ ಮದ್ದು ಹಾಕುತ್ತಿದ್ದರೂ ಉಳಿದ ಒಂಚೂರು ಕೆಲವು ವರ್ಷಗಳಲ್ಲಿ ಹೋಯಿತು.

ಆಮೇಲೆ ಆ ಕಾರನ್ನು ನಾನೇ ಓಡಿಸಿದೆ. ಇವರು ಪಕ್ಕದಲ್ಲಿ ಕೂತು, "ಒತ್ತ್, ಒತ್ತ್," ಎನ್ನುತ್ತಿದ್ದರು. ಇಂಜಿನ್ ಕಿರುಚಿದರೆ ಅವರ ಮುಖ ಸಡಿಲವಾಗುತ್ತಿತ್ತು. ನನ್ನ ಹಗುರ ಕಾಲು ಭಾರವಾಯಿತು, ಮುಳ್ಳು ಮತ್ತೆ ಬಡಬಡನೆ ಇಳಿಯತೊಡಗಿತು. ಇಳಿಯಲಿ ಬಿಡು ಅಂದುಕೊಂಡೆ.

ಮನೆ ತಲುಪಿ ಇಂಜಿನ್ ಬಂದ್ ಮಾಡಿದಾಗಲೇ ಕಷ್ಟ. ಸದ್ದಿಲ್ಲದಲ್ಲೇ ದಾರಿ ಎಂದು ಬೆಳೆದವರಿಗೆ ಈಗ ಸದ್ದಿಲ್ಲದ್ದೇ ಭಯ. ಒಂದು ಸಂಜೆ ಅಂಗಳದಲ್ಲಿ ಕಾರು ನಿಲ್ಲಿಸಿ, ದಣಿವಿಗೆ ನಾನು ಹಾಗೇ ಕೂತುಬಿಟ್ಟಿದ್ದೆ. ಇವರು ತಲೆ ಓರೆ ಮಾಡಿ ಕಾದರು. ಆಮೇಲೆ ಕೈಯನ್ನು ಮೆಲ್ಲಗೆ ನಾನಿದ್ದ ಕಡೆಗೆ ಚಾಚಿ, ತಾಗಿಸಲು ಹೆದರಿ, ಗಾಳಿಯಲ್ಲೇ ನಿಲ್ಲಿಸಿದರು.

"ಇದ್ಯಾ?"

ಅಂದಿನಿಂದ ನಾನು ಅವರ ಹತ್ತಿರ ಬಳೆ ಸದ್ದು ಮಾಡದೆ ಕೂತವಳಲ್ಲ.